ಅತ್ತೆಯ ಡ್ರ್ಯಾಗನ್ ಕಾನೂನು

ಗೂಡಲೂರು ತಾಲ್ಲೂಕಿನಲ್ಲಿ ದಿನಕ್ಕೆ ಮೂರು ಡ್ರ್ಯಾಗನ್ ಕೊಂದು, ಕೈ ತೊಳೆದುಕೊಂಡು ಬಂದು ಸಾರಿಗೆ ಒಗ್ಗರಣೆ ಹಾಕುವ ಹೆಂಗಸು ಯಾರಾದರೂ ಇದ್ದರೆ ಅದು ನಮ್ಮತ್ತೆ ಒಬ್ಬರೇ!

ಅತ್ತೆ ಅಂದರೆ ಅಪ್ಪನ ತಂಗಿ. ಅರವತ್ತು ದಾಟಿದೆ. ನಮ್ಮ ಮನೆಯ ಮಹಡಿಯಲ್ಲೇ ವಾಸ. ಕೋರ್ಟಿನಲ್ಲಿ ಟೈಪಿಸ್ಟ್ ಆಗಿದ್ದು ನಿವೃತ್ತರಾದವರು. ಮದುವೆ ಯಾಕಾಗಲಿಲ್ಲ ಅಂತ ಯಾರಾದರೂ ಕೇಳಿದರೆ, "ಮೂವತ್ತು ವರ್ಷ ಬೇರೆಯವರ ಡೈವೋರ್ಸ್ ಟೈಪ್ ಮಾಡಿದೆ, ಅಷ್ಟು ಸಾಕು" ಅನ್ನುತ್ತಾರೆ.

ಈ ಹುಚ್ಚು ಹತ್ತಿದ್ದು ಒಂದು ಹಲ್ಲಿನಿಂದ. ಊಟಿಗೆ ಹೋಗಿ ದವಡೆ ಹಲ್ಲು ಕೀಳಿಸಿಕೊಂಡು ಹೊರಬಂದಾಗ ಮಳೆ. ಪಕ್ಕದ ಬೇಕರಿಗೆ ನುಗ್ಗಿದರು. ಅಲ್ಲಿ ಇಬ್ಬರು ದೊಡ್ಡ ಮನುಷ್ಯರು, ಒಬ್ಬ ಬ್ಯಾಂಕಿನವನು, ಇನ್ನೊಬ್ಬ ಹತ್ತಿರದ ವೆಲ್ಲಿಂಗ್ಟನ್ನಿನಲ್ಲಿ ಅಂಗಡಿ ಇಟ್ಟವನು, ಬಣ್ಣಬಣ್ಣದ ಕಾರ್ಡುಗಳನ್ನು ಹರಡಿಕೊಂಡು ತಮಿಳಿನಲ್ಲಿ ಕಿತ್ತಾಡುತ್ತಿದ್ದರಂತೆ. ಪ್ರತಿ ಕಾರ್ಡಿನಲ್ಲೂ ಒಂದು ಭೂತವೋ ಮಾಂತ್ರಿಕನೋ ಇರುತ್ತಾನೆ. ಅವನು ಏನು ಮಾಡಬಲ್ಲ ಅನ್ನುವುದನ್ನು ಕೆಳಗೆ ಇರುವೆ ಸಾಲಿನಂಥ ಇಂಗ್ಲಿಷ್ ಅಕ್ಷರಗಳಲ್ಲಿ ಬರೆದಿರುತ್ತಾರೆ. ಬ್ಯಾಂಕಿನವನ ಕಾರ್ಡು ಮಂಜಿನ ಡ್ರ್ಯಾಗನ್. ಅದು ಕಣಕ್ಕೆ ಬಂದಾಗ ಎದುರಾಳಿಯ ಒಂದು ಕಾರ್ಡನ್ನು ನಾಶ ಮಾಡಬಹುದು. ಆತ ಮರೆತಿದ್ದಾನೆ. ಈಗ ನೆನಪಾಗಿ, ಮಾಡಿಯೇ ಮಾಡ್ತೀನಿ ಅಂತ ಹಠ!

ಅತ್ತೆ ಕನ್ನಡಕ ಏರಿಸಿ ಓದಿದರು. ಅರ್ಧ ಬಾಯಿ ಇನ್ನೂ ಮರಗಟ್ಟಿತ್ತು. ಆದರೂ ತೀರ್ಪು ಕೊಟ್ಟರು: "'ಬಂದಾಗ' ಅಂತಿದೆ. ಅದು ಬಂದ ಮೇಲೆ ನೀವು ಒಂದು ಟೀ, ಎರಡು ವರ್ಕಿ ಬಿಸ್ಕತ್ತು ಮುಗಿಸಿದ್ದೀರಿ. ಅವಧಿ ತೀರಿದೆ. ಅರ್ಜಿ ವಜಾ!"

ಆವತ್ತಿನಿಂದ ಪ್ರತಿ ಭಾನುವಾರ ಅತ್ತೆ ಆ ಬೇಕರಿಯ ಜಡ್ಜಮ್ಮ. ಟೀ ಉಚಿತ! ಕ್ರಮೇಣ ತಾವೂ ಕಾರ್ಡು ಕೊಂಡು ಆಡತೊಡಗಿದರು.

ಅಲ್ಲಿಗೇ ನಿಂತಿದ್ದರೆ ನಾನು ಇದನ್ನು ಬರೆಯುತ್ತಿರಲಿಲ್ಲ. ಕಾನೂನು ಮನೆಗೂ ಬಂತು. ಆ ಆಟದಲ್ಲಿ ಒಂದು ಕಾರ್ಡಿನ ಮೇಲೆ ಇನ್ನೊಂದು ಕಾರ್ಡು ಜವಾಬು ಕೊಟ್ಟರೆ, ಕೊನೆಗೆ ಬಂದದ್ದು ಮೊದಲು ಇತ್ಯರ್ಥವಾಗಬೇಕಂತೆ. ಒಂದು ಮಧ್ಯಾಹ್ನ ಅಂಗಳದಲ್ಲಿ ಒಣಗಲು ಹಾಕಿದ್ದ ಮೆಣಸನ್ನು ಯಾಕೆ ಇನ್ನೂ ಎತ್ತಿಲ್ಲ ಅಂತ ಅಪ್ಪ ಗೊಣಗಿದರು. ಅಮ್ಮ, "ನಿಮ್ಮಮ್ಮನೂ ಹೀಗೇ ಗೊಣಗ್ತಿದ್ರು" ಅಂದರು. ಅಪ್ಪ, "ನಿನ್ನ ತಮ್ಮ ಏನು ಕಡಿಮೆನಾ?" ಅಂದರು. ಅತ್ತೆ ಮಹಡಿಯಿಂದ ಇಳಿದು ಬಂದರು.

"ನಿಲ್ಲಿ! ಮೊದಲು ತಮ್ಮ. ಆಮೇಲೆ ನಮ್ಮಮ್ಮ. ಮೆಣಸು ಕೊನೆಗೆ."

ತಮ್ಮನ ವಿಚಾರಣೆಗೇ ಮುಕ್ಕಾಲು ಗಂಟೆ ಹಿಡಿಯಿತು. ಅಜ್ಜಿಯ ಪ್ರಕರಣ ಅರ್ಧಕ್ಕೆ ಬಂದಿರಬೇಕು, ಮಳೆ ಶುರುವಾಯಿತು. ಮೆಣಸಿನ ಸರದಿ ಬಂದಾಗ ಅದು ಚರಂಡಿಯಲ್ಲಿ ತೇಲುತ್ತಿತ್ತು!

ಒಂದು ಕಚೇರಿಗೆ (ಹೆಸರು ಬೇಡ, ನನಗೆ ಅಲ್ಲಿ ಇನ್ನೂ ಕೆಲಸವಿದೆ) ಒಮ್ಮೆ ಅತ್ತೆ ನನ್ನ ಜೊತೆ ಬಂದಿದ್ದರು. ಅಲ್ಲಿನ ಗುಮಾಸ್ತರು ವಾಸದ ದೃಢೀಕರಣ ಬೇಕಾದರೆ ಪಡಿತರ ಚೀಟಿ ತನ್ನಿ ಅಂದರು. ಪಡಿತರ ಚೀಟಿಗೆ ಪಕ್ಕದ ಮೇಜಿಗೆ ಹೋದರೆ ವಾಸದ ದೃಢೀಕರಣ ತನ್ನಿ ಅಂದರು. ನಾನು ಕಂಗಾಲಾಗಿ ನಿಂತೆ. ಅತ್ತೆಯ ಮುಖ ಮಾತ್ರ ಹಬ್ಬದ ಹಾಗೆ ಅರಳಿತು!

"ಸಾರ್, ನಮ್ಮ ಆಟದಲ್ಲಿ ಎರಡು ಕಾರ್ಡು ಹೀಗೆ ಒಂದನ್ನೊಂದು ಕರೀತಾ ಕೂತರೆ ಆಟ ಡ್ರಾ. ಇಬ್ಬರೂ ಎದ್ದು ಹೋಗಬೇಕು. ನಾವು ಹೋಗ್ತೀವಿ. ನೀವು ಯಾವಾಗ ಹೋಗ್ತೀರಿ?"

ಗುಮಾಸ್ತರು ಪಾಪ, ಊಟಕ್ಕೆ ಹೋಗಿಬಿಟ್ಟರು.

ಆದರೆ ಅತ್ತೆಯ ಪಾಂಡಿತ್ಯ ಪೂರ್ತಿ ಬೆಳಗಿದ್ದು ನನ್ನನ್ನು ನೋಡಲು ಚೇರಂಬಾಡಿ ಕಡೆಯಿಂದ ಗಂಡಿನವರು ಬಂದ ದಿನ. ಹುಡುಗ ಬಂದಾಗಿನಿಂದ ತನ್ನ ಮೊಬೈಲನ್ನೇ ನೋಡಿಕೊಂಡು ಕೂತಿದ್ದ. ಒಪ್ಪಿದ್ದು ಬಹುಶಃ ಅದನ್ನೇ! ಹುಡುಗನ ತಾಯಿ ಬೋಂಡಾ ಮುರಿಯುತ್ತಾ, "ನಾವು ಬಾಯಿಬಿಟ್ಟು ಏನೂ ಕೇಳೋರಲ್ಲ. ನಿಮ್ಮ ಮಗಳಿಗೆ ನೀವು ಏನು ಬೇಕಾದರೂ ಹಾಕಬಹುದು. ಕಾರು ಗೀರು ಕೊಡಬಹುದು" ಅಂದರು.

ಅತ್ತೆ ಕನ್ನಡಕ ಹಾಕಿಕೊಂಡರು. ಅಡುಗೆಮನೆ ಬಾಗಿಲಲ್ಲಿ ಅಮ್ಮ, "ಅಯ್ಯೋ ದೇವರೇ" ಅಂತ ಕಣ್ಣು ಮುಚ್ಚಿದರು.

"'ಹಾಕಬಹುದು' ಅಂದ್ರಿ. 'ಹಾಕಲೇಬೇಕು' ಅಂತ ಅಲ್ಲ ತಾನೇ?"

"ಛೆ ಛೆ, ಬಲವಂತ ಏನಿಲ್ಲಮ್ಮ."

"ಹಾಗಾದ್ರೆ ಹಾಕದೇ ಇರೋದಕ್ಕೂ ನಮಗೆ ಹಕ್ಕಿದೆ. ಆ ಹಕ್ಕನ್ನ ಈಗ ಚಲಾಯಿಸಿದ್ದೀವಿ. ಇನ್ನೊಂದು ಬೋಂಡಾ ತಗೊಳ್ಳಿ. ಅದೂ ಬಲವಂತ ಏನಿಲ್ಲ."

ತಗೊಳ್ಳಲಿಲ್ಲ. ಜೀಪು ಹೊರಟ ಸದ್ದು ಕೇಳಿತು. ಅಮ್ಮ ಎರಡು ದಿನ ಅತ್ತೆಯ ಜೊತೆ ಮಾತಾಡಲಿಲ್ಲ. ನಾನು? ಉಳಿದಿದ್ದ ಅಷ್ಟೂ ಬೋಂಡಾ ತಿಂದೆ! ಅಷ್ಟು ರುಚಿಯಾದ ಬೋಂಡಾ ಅದಕ್ಕೆ ಮುಂಚೆ ತಿಂದಿರಲಿಲ್ಲ.

ಆಟದಲ್ಲಿ ಅತ್ತೆ ಯಾರಿಗೂ ಒಂದಕ್ಷರ ಬಿಟ್ಟುಕೊಟ್ಟವರಲ್ಲ. ಒಮ್ಮೆ ನಾನು ಜ್ವರದ ಮಂಪರಿನಲ್ಲಿ ತಪ್ಪು ಕಾರ್ಡು ಇಟ್ಟು ವಾಪಸು ಕೇಳಿದ್ದಕ್ಕೆ, "ಜ್ವರ ಬಂದವರಿಗೆ ವಿನಾಯಿತಿ ಅಂತ ಎಲ್ಲಿ ಬರೆದಿದೆ, ತೋರಿಸು" ಅಂದಿದ್ದರು.

ಹೋದ ಮಳೆಗಾಲದಲ್ಲಿ ಅಪ್ಪನಿಗೆ ಲಕ್ವ ಹೊಡೆಯಿತು. ಬಲಗೈ ಬಿದ್ದುಹೋಯಿತು, ಮಾತೂ ನಿಂತಿತು. ಬೆರಳಿಗೆ ಕೆಲಸ ಕೊಡಬೇಕು ಅಂತ ಆಸ್ಪತ್ರೆಯವರು ಹಿಸುಕಲು ಒಂದು ರಬ್ಬರ್ ಚೆಂಡು ಕೊಟ್ಟರು. ಅಪ್ಪ ಅದನ್ನು ಎಡಗೈಯಲ್ಲಿ ಎತ್ತಿ ಬಿಸಾಡಿ, ಗೋಡೆಯ ಕಡೆ ತಿರುಗಿ ಮಲಗಿದರು. ಮೂರು ವಾರ ಹಾಗೇ.

ಒಂದು ಬೆಳಿಗ್ಗೆ ಅತ್ತೆ ಕಾರ್ಡುಗಳನ್ನು ಹಿಡಿದು ಕೆಳಗೆ ಬಂದರು. "ಅಣ್ಣಾ, ಊಟಿ ರಸ್ತೇಲಿ ಮಣ್ಣು ಕುಸಿದಿದೆ. ಬಸ್ಸಿಲ್ಲ. ನನಗೆ ಆಡೋಕೆ ಯಾರೂ ಇಲ್ಲ, ಏಳು."

ಅಪ್ಪನಿಗೆ ಇಂಗ್ಲಿಷ್ ಓದಲು ಬರುವುದಿಲ್ಲ. ಎಡಗೈ ಚಾಚಿದರು. "ಆ ಕೈ ನಡೆಯಲ್ಲ, ಬಲಗೈಯಲ್ಲೇ ಆಡಬೇಕು, ನಿಯಮ" ಅಂದರು ಅತ್ತೆ. ಬಹಳ ಹೊತ್ತಿನ ಮೇಲೆ ಒಂದು ಕಾರ್ಡು ಅಪ್ಪನ ಬೆರಳುಗಳ ಮಧ್ಯೆ ನಡುಗುತ್ತಾ ಬಂದು ಹಾಸಿಗೆಯ ಮೇಲೆ ಬಿತ್ತು.

"ಅಯ್ಯಯ್ಯೋ!" ಅತ್ತೆ ಎದೆ ಬಡಿದುಕೊಂಡರು. "ಇದನ್ನ ಇಟ್ಟುಬಿಟ್ಯಾ? ನನ್ನ ಎರಡು ಡ್ರ್ಯಾಗನ್ನೂ ಹೋಯ್ತಲ್ಲೋ!"

ನಾನು ಬಗ್ಗಿ ಆ ಕಾರ್ಡು ಓದಿದೆ. ನೀರು ಹೊರುವ ಒಬ್ಬ ಮುದುಕನ ಚಿತ್ರ. ಕೆಳಗೆ ಒಂದು ಶಕ್ತಿಯೂ ಬರೆದಿರಲಿಲ್ಲ. ಆಟ ಮುಗಿಯುವ ತನಕ ಅಪ್ಪ ಇಟ್ಟ ಒಂದೊಂದನ್ನೂ ಓದಿದೆ. ಅತ್ತೆ ಹೇಳಿದ್ದು ಯಾವುದರಲ್ಲೂ ಇರಲಿಲ್ಲ! ಬಾಯಿ ತೆರೆಯುವಷ್ಟರಲ್ಲಿ ಅತ್ತೆ ನನ್ನನ್ನು ಕಾಫಿ ಮಾಡು ಅಂತ ಎಬ್ಬಿಸಿ, ತಾವೂ ಹಿಂದೆಯೇ ಅಡುಗೆಮನೆಗೆ ಬಂದರು.

"ಅತ್ತೆ, ಅಲ್ಲಿ ಹಾಗೆ ಬರೆದೇ ಇಲ್ವಲ್ಲ?"

"ಗೊತ್ತು ಕಣೇ." ಅತ್ತೆ ಕಾಫಿ ಪಾತ್ರೆಯನ್ನು ಒಲೆಗೆ ಇಟ್ಟರು. "ನಿಮ್ಮಪ್ಪ ಆ ಕೈಯಲ್ಲಿ ಏಳು ಕಾರ್ಡು ಎತ್ತಿದ್ದಾನೆ. ಅದನ್ನ ನೋಡಿದ್ಯಾ?"

ನಾನು ನೋಡಿರಲಿಲ್ಲ. ಸಣ್ಣ ಅಕ್ಷರ ಓದುತ್ತಾ ಕೂತಿದ್ದೆ.

ಒಳಗಿನಿಂದ ಒಂದು ತೊದಲು ದನಿ ಬಂತು. "ಬಾ... ಬಾರೇ!" ಮೂರು ವಾರದಲ್ಲಿ ಅಪ್ಪ ಆಡಿದ ಮೊದಲ ಮಾತು.

"ಬಂದೆ ಅಣ್ಣಾ!" ಅತ್ತೆ ಸೆರಗಿನಲ್ಲಿ ಮುಖ ಒರೆಸಿಕೊಂಡು, ಕಾಫಿಯನ್ನು ಅಲ್ಲೇ ಬಿಟ್ಟು, ಇನ್ನೊಂದು ಆಟ ಸೋಲಲು ಓಡಿದರು.