ಬಸವಂತರಾಯನ ಸುಣ್ಣದ ಗೆರೆ

ಎಲ್ಲದಕ್ಕೂ ಕಾರಣ ಮಗಳು ಬೆಳಿಗ್ಗೆ ಮಾಡಿದ ಒಂದು ಫೋನು. ಐರ್ಲೆಂಡಿನಲ್ಲಿ ಫಾರ್ಮಸಿ ಓದುತ್ತಿದ್ದ ದಾನೇಶ್ವರಿ, "ಅಪ್ಪಾ, ಇಲ್ಲಿ ಔಷಧಿ ಅಂಗಡಿ, ನಮ್ಮೂರ ಔಷಧಿ ಅಂಗಡಿ ಹೋಲಿಸಿ ಪ್ರಾಜೆಕ್ಟ್ ಮಾಡ್ಲಿಕತ್ತೀನಿ. ಸಂಜಿ ಐದಕ್ಕ ಮೇಡಂ ವಿಡಿಯೋದಾಗ ನಿನ್ನ ಅಂಗಡಿ ನೋಡ್ತಾರ. ನನ್ನ ಮಾರ್ಕ್ಸ್ ಎಲ್ಲಾ ಅದರ ಮ್ಯಾಲೇ ಅದ" ಎಂದಿದ್ದಳು.

ಯಾರಾದರೂ 'ನೋಡ್ತಾರ' ಎಂದರೆ ತಪಾಸಣೆ. ಸುಲೇಪೇಟದಲ್ಲಿ ಇಪ್ಪತ್ತೆರಡು ವರ್ಷ ಅಂಗಡಿ ನಡೆಸಿದ ಬಸವಂತರಾಯನಿಗೆ ಆ ಮಾತಿಗೆ ಬೇರೆ ಅರ್ಥವೇ ಗೊತ್ತಿರಲಿಲ್ಲ. ಹಪ್ಪಳದಂತೆ ಗಂಜಿ ಹಾಕಿಸಿದ ಬಿಳಿ ಕೋಟು ತೊಟ್ಟ. ಗಿರಾಕಿಗಳು ಕೂಡುವ ಬೆಂಚು ಒಳಗೆ ಸೇರಿತು. ಒಬ್ಬರ ಕಾಯಿಲೆಯ ಮಾತು ಇನ್ನೊಬ್ಬರ ಕಿವಿಗೆ ಬೀಳಬಾರದೆಂಬ, ಮಗಳು ಹೇಳಿದ್ದ ಆ ದೇಶದ ಪದ್ಧತಿಯಂತೆ ಅಂಗಳದ ಫರಸಿಗಲ್ಲಿನ ಮೇಲೆ ಸುಣ್ಣದ ಗೆರೆ ಎಳೆದ.

ಮೊದಲು ಬಂದವಳು ಮುದುಕಿ ಭೀಮಬಾಯಿ. "ಬಸವಂತಾ, ಮಣಕಾಲ ಹಿಡದಾದ. ಗುಳಗಿ ಕೊಡು."

"ಡಾಕ್ಟರ್ ಚೀಟಿ ಅದ ಏನು, ಆಯಿ?"

"ಮಣಕಾಲೇ ತಂದೀನಲ್ಲೋ, ಚೀಟಿ ಯಾಕ?"

ಅಷ್ಟರಲ್ಲಿ ಪೇಪರ್ ಓದಲು ಬಂದ ರೇವಣಸಿದ್ದಯ್ಯನನ್ನು ಬಸವಂತರಾಯ ತಡೆದ. "ಗೆರಿ ಹಿಂದ ಸರೀರಿ. ಆಯಿ ಬ್ಯಾನಿ ನೀವು ಕೇಳಬಾರದು."

"ಹೋದ ವರ್ಷ ಆಯಿನ್ನ ದವಾಖಾನಿಗಿ ಹೊತ್ಕೊಂಡು ಹೋದಾಂವ ನಾ. ನಾ ಕೇಳಬಾರದಾ?" ರೇವಣಸಿದ್ದಯ್ಯ ಪೇಪರ್ ಮಡಚಿದ. "ಹೊರದೇಶಕ್ಕ ಹೋದಾಕಿ ಮಗಳು, ಸೊಕ್ಕು ಬಂದದ್ದು ಅಪ್ಪಗ. ನಡಿ ಆಯಿ!"

ಇಬ್ಬರೂ ರಸ್ತೆ ದಾಟಿ ಎದುರಿನ ಶೌಕತ ಅಲಿಯ ಔಷಧಿ ಅಂಗಡಿಗೆ ನಡೆದರು. ಅವರ ಹಿಂದೆ ಊರೇ ನಡೆಯಿತು. ನಾಲ್ಕು ಗಂಟೆಗೆ ಗೆರೆ ದಾಟಿ ಬಂದದ್ದು ಒಂದು ನೊಣ. ಅದರ ಹತ್ತಿರವೂ ಚೀಟಿ ಇರಲಿಲ್ಲ.

ಐದಕ್ಕೆ ಫೋನು ಬೆಳಗಿತು. ಪರದೆಯಲ್ಲಿ ಮಗಳು, ಪಕ್ಕದಲ್ಲಿ ಕನ್ನಡಕದ ಮೇಡಂ.

"ಅಪ್ಪಾ, ಬೆಂಚ್ ಎಲ್ಲದ? ಮಂದಿ ಎಲ್ಲಿ?"

"ಎಲ್ಲಾ ನಿಮ್ಮ ದೇಶದ ಪ್ರಕಾರ ಮಾಡೀನವ್ವಾ!"

"ಅಯ್ಯ ಅಪ್ಪಾ! ಇಲ್ಲಿ ನಮ್ಮ ಹೆಸರು ಸೈತ ಕಂಪ್ಯೂಟರ್ ನೋಡೇ ಹೇಳ್ತಾರ. ನೀ ಭೀಮಾಯಿಗಿ 'ಉಂಡಿ ಏನು? ಶುಗರ್ ಹೆಂಗದ? ಮೊದಲ ಡಾಕ್ಟರಗ ತೋರಸು' ಅಂತ ಬೈಯೋದು ಮೇಡಂಗ ತೋರಸಬೇಕಂತಿದ್ದೆ!"

ಬಸವಂತರಾಯ ರಸ್ತೆಯಾಚೆ ನೋಡಿದ. ಎದುರಿನ ಅಂಗಡಿಯ ಮುಂದೆ ಸಂತೆಯಂತೆ ಜನ. ಅಲ್ಲಾದರೂ ತೋರಿಸೋಣವೆಂದು ಫೋನು ಹಿಡಿದು ಓಡಿದ.

"ಶೌಕತ ಭಾಯ್! ಮೇಡಂ ನೋಡ್ಲಿಕತ್ತಾರ!"

ಶೌಕತ ಅಲಿ ಬಿಳಿ ಕೋಟು ನೋಡಿದ, ಪರದೆಯ ಮೇಲಿನ ಮೇಡಂ ಮುಖ ನೋಡಿದ. ಅವನದೂ ಅದೇ ಊರಿನ ಅಂಗಡಿ, ಅವನಿಗೂ 'ನೋಡ್ತಾರ' ಎಂದರೆ ತಪಾಸಣೆಯೇ. ಹರಟೆ ಮುಗಿಸಿ ಹೊರಟಿದ್ದ ಭೀಮಬಾಯಿಯ ಕೈಗೆ ಆಗಷ್ಟೇ ಇಟ್ಟ ಗುಳಿಗೆಯನ್ನು ಹಾಗೇ ವಾಪಸು ಕಸಿದುಕೊಂಡ.

"ಚೀಟಿ ಅದ ಏನು, ಆಯಿ? ಏ, ಎಲ್ಲಾರೂ ಹಿಂದ ಸರೀರಿ!"

ಫೋನಿನೊಳಗೆ ಇಂಗ್ಲಿಷಿನಲ್ಲಿ ಏನೋ ಗುಸುಗುಸು ನಡೆಯಿತು. ಆಮೇಲೆ ಮಗಳ ದನಿ ಸೋತು ಬಂತು. "ಅಪ್ಪಾ, ಈ ದೇಶದಾಗ, ನಮ್ಮೂರಾಗ, ಎರಡೂ ಕಡೆ ಒಂದೇ ನಮೂನಿ ಅದ, ಹೋಲಸ್ಲಿಕ್ಕ ಏನೂ ಇಲ್ಲ, ಬ್ಯಾರೆ ವಿಷಯ ಹುಡುಕು ಅಂತಾರ ಮೇಡಂ."

ಎರಡು ಅಂಗಡಿಗಳ ನಡುವೆ, ನಡುರಸ್ತೆಯಲ್ಲಿ ಮಣಕಾಲು ಹಿಡಿದು ಕೂತ ಭೀಮಬಾಯಿ ಫೋನಿನತ್ತ ಕತ್ತು ಚಾಚಿದಳು.

"ದಾನವ್ವಾ, ನಿಮ್ಮ ಮೇಡಂಗ ಕೇಳು. ಆಕಿನಾದ್ರೂ ಒಂದು ಗುಳಗಿ ಕಳಸ್ತಾಳೇನು?"