ಆರಾಮ ಇರುವವನ ವ್ಯಾಯಾಮ

ನಮ್ಮ ಶಹಾಪುರದ ಕಡೆ ಎದುರಿಗೆ ಸಿಕ್ಕವರು ಮೊದಲು ಕೇಳುವುದು 'ಆರಾಮೇನ್ರಿ?' ಎಂದು. ಅದಕ್ಕೆ ಉತ್ತರವೂ ಒಂದೇ, 'ಆರಾಮ್ರಿ.' ಹಲ್ಲು ಕೀಳಿಸಿಕೊಂಡು ಬಾಯಲ್ಲಿ ಹತ್ತಿ ಇಟ್ಟುಕೊಂಡವನೂ ಕೈ ಮಾಡಿ ಇದನ್ನೇ ತಿಳಿಸುತ್ತಾನೆ. ಬೇರೆ ಏನಾದರೂ ಹೇಳಿದರೆ ಪಾಪ, ಕೇಳಿದವರು ನಿಂತು ಕೇಳಬೇಕಾಗುತ್ತದೆ. ಬಜಾರಿನಲ್ಲಿ ಮಾಳಿಗೆಯ ಮೇಲೆ ಸೀರೆ ಅಂಗಡಿ ಇಟ್ಟುಕೊಂಡು ಬಾಳಿದ ನಾನು ಈ ಮರ್ಯಾದೆಯನ್ನು ಎಂದೂ ಮೀರಿದವನಲ್ಲ. ಮೆಟ್ಟಿಲು ಹತ್ತುವಾಗ ದಮ್ಮು ಹತ್ತತೊಡಗಿ, ಕಾಲು ಬಾತು, ಡಾಕ್ಟರ ಮುಂದೆ ಹೋಗಿ ಕೂತಾಗಲೂ ಮೊದಲು ಆರಾಮ ಇದ್ದೇನೆ ಎಂದೇ ಹೇಳಿದೆ. 'ಹಂಗಾದ್ರ ಯಾಕ ಬಂದೀರಿ?' ಎಂದರು ಅವರು. ಅದೂ ನ್ಯಾಯವಾದ ಪ್ರಶ್ನೆಯೇ.

ಹೃದಯದಿಂದ ಶ್ವಾಸಕೋಶಕ್ಕೆ ರಕ್ತ ಒಯ್ಯುವ ನಾಳಗಳಲ್ಲಿ ಒತ್ತಡ ಏರಿದೆಯಂತೆ. ತೋಳಿಗೆ ಪಟ್ಟಿ ಕಟ್ಟಿ ನೋಡುವ ಬಿಪಿಯಲ್ಲ, ಇದು ಒಳಗಿನದು. ಸುದ್ದಿ ಕೇಳಿದ ನನ್ನ ಹೆಂಡತಿ ಶಾಂತಮ್ಮ ನನ್ನನ್ನು ಮಂಚಕ್ಕೆ ಹಾಕಿದವಳು ನೀರಿನ ತಂಬಿಗೆಯನ್ನೂ ಎತ್ತಗೊಡಲಿಲ್ಲ. ಅಂಗಡಿಯ ಗಾದಿಯ ಮೇಲೆ ಅವಳ ತಮ್ಮ ಶರಣಪ್ಪ ಬಂದು ಕೂತ. ಶರಣಪ್ಪ ಒಳ್ಳೆಯವನು. ಆದರೆ ಚೌಕಾಸಿ ಮಾಡುವುದಿಲ್ಲ, ಒಂದೇ ರೇಟು ಹೇಳಿ ಸುಮ್ಮನಾಗುತ್ತಾನೆ. ಕೆಂಭಾವಿಯಿಂದ ಬಸ್ಸು ಹಿಡಿದು ಬರುವ ಹೆಣ್ಣುಮಕ್ಕಳಿಗೆ ಸೀರೆಗಿಂತ ಚೌಕಾಸಿ ಮುಖ್ಯ ಎಂಬುದು ಅವನಿಗೆ ಹೇಗೆ ಗೊತ್ತಾಗಬೇಕು? ಅವರು ಪಕ್ಕದ ಅಂಗಡಿಗೆ ಹೊರಳಿದರು. ಇದೆಲ್ಲ ಕಿವಿಗೆ ಬಿದ್ದು ಮಲಗಿದಲ್ಲೇ ನನಗೆ ದಮ್ಮು ಹೆಚ್ಚಾಯಿತು. ಗಾದಿ ಇನ್ನು ನನ್ನದಲ್ಲ ಎಂದು ನಿಜಕ್ಕೂ ಹೆದರಿದೆ.

ಗುಳಿಗೆಗಳಿಂದ ರೋಗ ಸ್ವಲ್ಪ ಹತೋಟಿಗೆ ಬಂದ ಮೇಲೆ ಡಾಕ್ಟರು ವ್ಯಾಯಾಮ ಮಾಡಬೇಕು ಎಂದರು. ಆದರೆ ಮನಸ್ಸಿಗೆ ಬಂದಂತೆ ಅಲ್ಲ, ಯಾದಗಿರಿಯ ಆಸ್ಪತ್ರೆಗೆ ಹೋಗಿ, ಅದನ್ನು ಕಲಿತವರ ಕಣ್ಣೆದುರಿಗೇ ಮಾಡಬೇಕು. ಮೆಟ್ಟಿಲು ಹತ್ತುವಷ್ಟು ಸುಧಾರಿಸಿದರೆ ಅಂಗಡಿಗೂ ಹೋಗಬಹುದು. ಶಾಂತಮ್ಮನಿಗೆ ಇದು ಒಪ್ಪಿಗೆಯಾಗಲಿಲ್ಲ. 'ದಮ್ಮ ಇದ್ದವರಿಗಿ ಸೈಕಲ್ ತುಳಸ್ತಾರಂತ, ಇದೆಲ್ಲಿ ವೈದ್ಯಕಿ?' ಎಂದು ಗೊಣಗುತ್ತಲೇ ನನ್ನ ಜೊತೆ ಬಸ್ಸು ಹತ್ತಿದಳು.

ಅಲ್ಲಿ ಎಲ್ಲಿಗೂ ಹೋಗದ ಒಂದು ಸೈಕಲ್ಲು, ಅದರ ಪಕ್ಕದಲ್ಲಿ ಸುರಪುರದ ರೇಷ್ಮಾ ಮೇಡಂ. ವ್ಯಾಯಾಮ ಮಾಡಿಸುವವರು ಅವರೇ. ರಕ್ತದಲ್ಲಿನ ಆಕ್ಸಿಜನ್ ಅಳೆಯುವ ಚಿಮಟಿಗೆಯಂಥದ್ದೊಂದನ್ನು ಬೆರಳಿಗೆ ಸಿಕ್ಕಿಸಿ, ಮೆಲ್ಲಗೆ ತುಳಿಸಿ, 'ದಮ್ಮ ಹತ್ಯಾದೇನ್ರಿ ಸಾವಕಾರ್ರ?' ಎಂದು ಕೇಳಿದರು. 'ಆರಾಮ್ರಿ' ಎಂದೆ. ಸೈಕಲ್ಲನ್ನು ತುಸು ಬಿಗಿ ಮಾಡಿದರು. ಮತ್ತೆ ಕೇಳಿದರು. ಮಗಳ ವಯಸ್ಸಿನ ಹೆಣ್ಣುಮಗಳು ಅಷ್ಟು ಅಕ್ಕರೆಯಿಂದ ಕೇಳುವಾಗ ಹೌದು, ಹತ್ತಿದೆ ಎನ್ನಲು ಬಾಯಿ ಬರಬೇಕಲ್ಲ? ಆರಾಮ್ರಿ ಎಂದೆ. ಚಿಮಟಿಗೆಯ ಅಂಕಿ ನೋಡಿದ ಮೇಡಂ 'ನಿಲ್ಲಸ್ರಿ' ಎಂದದ್ದು ಕೇಳಿಸಿತು. ಅಷ್ಟರಲ್ಲಿ ಕಣ್ಣಿಗೆ ಕತ್ತಲೆ ಬಂತು.

ಎಚ್ಚರಾದಾಗ ಮಂಚದ ಮೇಲಿದ್ದೆ, ಮೂಗಿಗೆ ಆಕ್ಸಿಜನ್ ನಳಿಗೆ ಇತ್ತು. ಮೇಡಂ ಬಗ್ಗಿ, 'ಈಗ ಹ್ಯಾಂಗದ್ರಿ?' ಎಂದರು. ಏನು ಹೇಳಿದೆನೆಂದು ಬೇರೆ ಹೇಳಬೇಕಿಲ್ಲ. ಅವರು ನಗಲಿಲ್ಲ. 'ಮಶೀನ್ ಒಂದು ಹೇಳಾಕತ್ತದ, ನೀವೊಂದು ಹೇಳಾಕತ್ತೀರಿ. ಇನ್ನೊಮ್ಮಿ ಹಿಂಗ ಮಾಡಿದ್ರ ವ್ಯಾಯಾಮ ಬಂದ್. ಜೀವಕ್ಕ ಕುತ್ತ ಅದರಿ ಇದು' ಎಂದರು. ಶಾಂತಮ್ಮ ಸೆರಗಿನಿಂದ ಕಣ್ಣೊರೆಸಿಕೊಂಡು, 'ಸುಳ್ಳು ಹೇಳಂಗಿಲ್ರಿ ಮೇಡಂ, ಇವರಿಗಿ ಬ್ಯಾರೆ ಮಾತೇ ಬರಂಗಿಲ್ಲ' ಎಂದಳು. ನನಗೆ ನಾಚಿಕೆಯಾಯಿತು.

ಆಮೇಲೆ ಕೆಲವು ದಿನ ಸೈಕಲ್ಲಿಲ್ಲ. ಡಾಕ್ಟರು ಮತ್ತೆ ಪರೀಕ್ಷೆ ಮಾಡಿ ಒಪ್ಪಿದ ಮೇಲೆ ನಿಜ ಹೇಳುವುದನ್ನು ಅಭ್ಯಾಸ ಮಾಡಿದೆ. ಕಾಲಿಗಿಂತ ನಾಲಿಗೆಗೇ ಹೆಚ್ಚು ಶ್ರಮವಾಯಿತು. 'ದಮ್ಮ ಹತ್ಯಾದ್ರಿ' ಎಂದು ಮೊದಲ ಸಲ ಹೇಳಿದಾಗ ಯಾರದೋ ಮನೆಯಲ್ಲಿ ಊಟ ಚೆನ್ನಾಗಿಲ್ಲ ಎಂದಷ್ಟು ಮುಜುಗರ. ಆದರೆ ಮೇಡಂ ಖುಷಿಯಾಗಿ ಸೈಕಲ್ಲು ಸಡಿಲಿಸಿದರು. ನಿಜ ಹೇಳಿದಷ್ಟೂ ಅಳತೆ ಸರಿಯಾಗುತ್ತ ಬಂತು, ಕಾಲಿಗೆ ಬಲ ಬಂತು. ಒಂದು ದಿನ, ನಡುವೆ ನಿಂತು ನಿಂತು ಅಂಗಡಿಯ ಮೆಟ್ಟಿಲು ಹತ್ತಲು ಅಪ್ಪಣೆಯೂ ಸಿಕ್ಕಿತು.

ಹತ್ತಿ ಹೋದೆ. ಶರಣಪ್ಪ ತಾನಾಗಿಯೇ ಗಾದಿ ಬಿಟ್ಟು ಎದ್ದ. ಕೂತೆ. ಎದೆ ತುಂಬಿ ಬಂತು. ದೇವಾಪುರದ ಹೆಣ್ಣುಮಗಳೊಬ್ಬಳು ಕೆಂಪು ಸೀರೆ ಆರಿಸಿ, ಚೌಕಾಸಿಯನ್ನೂ ಮನಸಾರೆ ಮುಗಿಸಿ, ದುಡ್ಡು ತೆಗೆಯುತ್ತ ಎಲ್ಲರೂ ಕೇಳುವುದನ್ನೇ ಕೇಳಿದಳು: 'ಬಣ್ಣ ಹೋಗಂಗಿಲ್ಲಲ್ರಿ ಕಾಕಾ?'

'ಹೋಗ್ತದವ್ವಾ' ಎಂದೆ.

ಅವಳು ಸೀರೆ ಕೆಳಗಿಟ್ಟು ಮೆಟ್ಟಿಲಿಳಿದು ಹೋದಳು. ಶರಣಪ್ಪ ನನ್ನ ಚಪ್ಪಲಿ ತಂದು ಮುಂದಿಟ್ಟು, ಮೆತ್ತಗೆ ಹೇಳಿದ: 'ಮಾವಾರ, ನಿಮಗಿನ್ನೂ ಪೂರಾ ಆರಾಮಾಗಿಲ್ರಿ. ನಡೀರಿ, ಮನಿಗಿ ಬಿಡ್ತೀನಿ.'