ಕೂರಬೇಡಿ, ಇದು ಕಲೆ!

ಮೂವತ್ತು ವರ್ಷ ಹೊಳಲ್ಕೆರೆ ತಾಲ್ಲೂಕಿನ ಶಾಲೆಗಳಲ್ಲಿ ಡ್ರಾಯಿಂಗ್ ಮೇಷ್ಟ್ರಾಗಿದ್ದ ನಾನು ಕಪ್ಪುಹಲಗೆಯ ಮೇಲೆ ಬರೆದದ್ದು ಎರಡೇ: ಒಂದು ಮಡಕೆ, ಒಂದು ಮಾವಿನಹಣ್ಣು. ಅದನ್ನೂ ಮುಂದಿನ ಪೀರಿಯಡ್ಡಿನ ಗಣಿತದ ಮೇಷ್ಟ್ರು ಬಂದು ಒರೆಸಿಬಿಡುತ್ತಿದ್ದರು. ನಿವೃತ್ತನಾಗಿ ಚಿತ್ರದುರ್ಗದಲ್ಲಿ ನೆಲೆಸಿದ ಮೇಲೆ ಒಂದು ಸುದ್ದಿ ಬಂತು. ಊರಿನ ಪಾರ್ಕಿನಲ್ಲಿ ಮೂರು ದಿನ ಬಯಲು ಕಲಾಪ್ರದರ್ಶನ, ಯಾರು ಬೇಕಾದರೂ ಕೃತಿ ಇಡಬಹುದು, ಒಂದನ್ನು ಆರಿಸಿ ಮೈಸೂರಿನ ಪ್ರದರ್ಶನಕ್ಕೆ ಕಳಿಸುತ್ತಾರೆ! ಆ ಒಂದು ನನ್ನದೇ ಎಂದು ನಾನು ಅವತ್ತೇ ತೀರ್ಮಾನಿಸಿದೆ. ಸಾಯುವುದರೊಳಗೆ ಯಾರೂ ಒರೆಸಲಾಗದಂಥದ್ದೊಂದನ್ನು ಮಾಡಬೇಕು ಅನ್ನುವ ಆಸೆ ನನಗೆ ನಿಜವಾಗಿಯೂ ಇತ್ತು.

ಕಲ್ಪನೆ ಸರಳ. ಹುಲ್ಲಿನ ಮೇಲೆ ಏಳು ಕರಿಕಂಬಳಿಗಳನ್ನು ದುಂಡಗೆ ಹಾಸುವುದು. ಅವು ಖಾಲಿ ಇರಬೇಕು. ಹೆಸರು ‘ಬರುವವರಿಲ್ಲ’. ಹಿಂದೆ ಜನ ಕಂಬಳಿ ಹಾಸಿ ಕೂತು ಮಾತಾಡುತ್ತಿದ್ದರು, ಈಗ ಒಬ್ಬರ ಹತ್ತಿರ ಒಬ್ಬರು ಕೂರಲು ಯಾರಿಗೂ ಪುರುಸೊತ್ತಿಲ್ಲ ಎಂಬುದು ತಾತ್ಪರ್ಯ. ಬರೆಯುತ್ತಾ ನನಗೇ ಕಣ್ಣು ತುಂಬಿ ಬಂತು. ಅರ್ಜಿಯಲ್ಲಿ ‘ಕೃತಿಯ ವಿಷಯ’ ಎಂಬಲ್ಲಿ ‘ಶೂನ್ಯ’ ಎಂದು ತುಂಬಿದೆ.

ನನ್ನ ಹೆಂಡತಿ ಗಿರಿಜಾ ಅದನ್ನು ಓದಿ, “ಇದೊಂದು ಸರಿಯಾಗಿ ಬರ್ದೀರಿ” ಎಂದಳು.

ಆರು ಕಂಬಳಿ ಅಕ್ಕಪಕ್ಕದ ಮನೆಗಳಿಂದ ಬಂದವು. ಏಳನೆಯದು ಗಿರಿಜಾಳ ಟ್ರಂಕಿನಲ್ಲಿದ್ದದ್ದು, ಅವಳ ತಾಯಿಯದು. ಅದನ್ನು ಕೊಡುವಾಗ ಅವಳು ತಕರಾರು ತೆಗೆದಳು.

“ಅಲ್ರೀ, ಕಂಬ್ಳಿ ಹಾಸಿ ಕುಂತ್ಕಬ್ಯಾಡ್ರಿ ಅಂದ್ರೆ ಜನ ಏನಂದ್ಕತಾರೆ? ನಮ್ ಕಡೆ ಬಂದೋರಿಗೆ ಮೊದ್ಲು ಕಂಬ್ಳಿ, ಆಮೇಲೆ ನೀರು.”

“ಇದು ಸಮಕಾಲೀನ ಕಲೆ ಗಿರಿಜಾ. ನಿನಗೆ ಅರ್ಥ ಆಗಲ್ಲ.”

“ಆಗೋದೇ ಬ್ಯಾಡ. ಕಂಬ್ಳಿ ಹೆಂಗೆ ಕೊಟ್ಟೆನೋ ಹಂಗೆ ವಾಪಸ್ ಬರ್ಬೇಕು, ಅಷ್ಟೆ.”

ಮೊದಲ ದಿನ ಬೆಳಿಗ್ಗೆ ಕಂಬಳಿ ಹಾಸಿ, ಹತ್ತು ಹೆಜ್ಜೆ ಹಿಂದೆ ಸರಿದು, ಕಣ್ಣು ಕಿರಿದು ಮಾಡಿ ನೋಡಿದೆ. ಅದ್ಭುತ ಶೂನ್ಯ! ಅದು ಸರಿಯಾಗಿ ನಾಲ್ಕು ನಿಮಿಷ ಇತ್ತು. ಭೀಮಸಮುದ್ರದಿಂದ ಕಣ್ಣಿನ ಡಾಕ್ಟರ ಹತ್ತಿರ ಬಂದಿದ್ದ ಗಂಗಜ್ಜಿ ಎಂಬ ಮುದುಕಿ ಚಪ್ಪಲಿಯನ್ನು ಶಿಸ್ತಾಗಿ ಹುಲ್ಲಿನಾಚೆ ಬಿಟ್ಟು, ಗಿರಿಜಾಳ ತಾಯಿಯ ಕಂಬಳಿಯ ಮೇಲೆ ಕಾಲು ಚಾಚಿ ಕೂತಳು.

ಓಡಿದೆ. “ಅಜ್ಜೀ, ಏಳ್ರಿ! ಇದು ಕಲೆ!”

“ಕಲೇನಾ? ಎಲ್ಲೈತಪ್ಪಾ?” ಅಜ್ಜಿ ಗಾಬರಿಯಿಂದ ಎದ್ದು ಮೊದಲು ಸೀರೆ ನೋಡಿಕೊಂಡಳು, ಆಮೇಲೆ ಬಗ್ಗಿ ಕಂಬಳಿಯನ್ನು ಕೈಯಲ್ಲಿ ಸವರಿದಳು. “ಎಲ್ಲೂ ಇಲ್ವಲ್ಲೋ. ಸ್ವಚ್ಛವಾಗೈತೆ.”

“ಆ ಕಲೆ ಅಲ್ಲಜ್ಜಿ. ಇಡೀ ಕಂಬಳಿಯೇ ಕಲೆ.”

“ಇಡೀ ಕಂಬ್ಳೀನೇ ಕಲೆ ಮಾಡ್ಕಂಡೀಯಾ? ನೆನೆಹಾಕ್ಬೇಕಿತ್ತು” ಎಂದು ನನ್ನನ್ನು ಮರುಕದಿಂದ ನೋಡಿ ಹೋದಳು.

ಜನರಿಗೆ ತಿಳಿಯುವ ಹಾಗೆ ಹೇಳಬೇಕು ಅನ್ನಿಸಿತು. ಒಂದು ರಟ್ಟಿನ ಮೇಲೆ ದಪ್ಪ ಅಕ್ಷರದಲ್ಲಿ ‘ಇದು ಕಲೆ. ಕೂರಬೇಡಿ’ ಎಂದು ಬರೆದು ಅದೇ ಕಂಬಳಿಯ ಪಕ್ಕ ನೆಟ್ಟು, ನಿಶ್ಚಿಂತೆಯಿಂದ ಊಟಕ್ಕೆ ಹೋದೆ. ಡ್ರಾಯಿಂಗ್ ಮೇಷ್ಟ್ರ ದುಂಡಕ್ಷರ ವ್ಯರ್ಥವಾಗಲಿಲ್ಲ. ಪಾರ್ಕಿನ ಕಾವಲುಗಾರ ತಿಪ್ಪೇಸ್ವಾಮಿ ಅದನ್ನು ಸ್ಪಷ್ಟವಾಗಿ ಓದಿದ್ದ. ನಾನು ತೇಗುತ್ತಾ ಬರುವಷ್ಟರಲ್ಲಿ ಗಿಡಕ್ಕೆ ನೀರು ಬಿಡುವ ಪೈಪು ಹಿಡಿದು, ಸೋಪಿನ ಪುಡಿ ಹಾಕಿ, ಕಂಬಳಿಯನ್ನು ತಿಕ್ಕುತ್ತಿದ್ದ!

“ಎಷ್ಟ್ ತಿಕ್ಕಿದ್ರೂ ಕಲೆ ಕಾಣ್ತಿಲ್ಲ ಮೇಷ್ಟ್ರೇ, ಹೋಗೈತೆ ಅನ್ಸುತ್ತೆ” ಎಂದ, ಹಣೆಯ ಬೆವರು ಒರೆಸಿಕೊಳ್ಳುತ್ತಾ.

ಹೋಗಿತ್ತು. ಒಣಗಿದ ಮೇಲೆ ಕಂಬಳಿಯ ನಾಲ್ಕನೇ ಒಂದು ಭಾಗವೂ ಹೋಗಿತ್ತು. ಅಷ್ಟು ಕುಗ್ಗಿತ್ತು!

ಎರಡನೇ ದಿನ ರಟ್ಟು ಕಿತ್ತೆ. ಗಂಗಜ್ಜಿ ಕಣ್ಣಿನ ಪರೀಕ್ಷೆಗೆ ಮತ್ತೆ ಬಂದವಳು, ‘ಕಲೆ ಹೋಗೈತಂತೆ’ ಎಂದು ಆಸ್ಪತ್ರೆಯಲ್ಲಿ ಪರಿಚಯವಾದ ನಾಲ್ಕು ಜನರನ್ನೂ ಕರೆತಂದಳು. ಅವರಲ್ಲಿಬ್ಬರು ಹೆಣ್ಣು ಕೊಡುವ ತರುವ ಮಾತಿಗೆ ಇಳಿದರು. “ಮೇಷ್ಟ್ರೇ, ನೀವೂ ಒಂದ್ ಮಾತು ಹೇಳ್ರಿ, ಹಿರೇರು” ಎಂದು ನನ್ನನ್ನೇ ಕರೆದರು. ನಾನು ಅವರನ್ನೆಲ್ಲ ಎಬ್ಬಿಸಿ ಕಳಿಸಿದೆ. ಯಾರೂ ಕೂತು ಮಾತಾಡುವುದಿಲ್ಲ ಎಂದು ತೋರಿಸಲು, ಕೂತು ಮಾತಾಡುತ್ತಿದ್ದವರನ್ನು ಓಡಿಸುತ್ತಿದ್ದೇನೆ ಎಂಬುದು ಆಗ ತಲೆಗೆ ಹೊಳೆಯಲೇ ಇಲ್ಲ. ಮೈಸೂರು ತಲೆಯಲ್ಲಿ ಕೂತಿತ್ತು.

ಮೂರನೇ ದಿನ ಆಯ್ಕೆದಾರರು ಬರುವವರಿದ್ದರು. ತಿಪ್ಪೇಸ್ವಾಮಿಯ ಸೀಟಿ ಇಸಿದುಕೊಂಡು ಕೊರಳಿಗೆ ಹಾಕಿಕೊಂಡೆ. ಕಂಬಳಿಯ ಕಡೆ ಯಾರು ತಿರುಗಿದರೂ ಪೀ! ಮಧ್ಯಾಹ್ನ ಗಂಗಜ್ಜಿ ಕನ್ನಡಕ ತೆಗೆದುಕೊಂಡು ಹೋಗಲು ಬಂದವಳು, ಮಂಡಕ್ಕಿ, ಮೆಣಸಿನಕಾಯಿ ಬಜ್ಜಿಯ ಪೊಟ್ಟಣ ಹಿಡಿದು ಹುಲ್ಲಿನಂಚಿಗೆ ನಿಂತಳು.

“ಯಾರಾನ ಬರೋರಿದಾರಾ? ಅವ್ರಿಗೆ ಹಾಸೀಯೇನಪ್ಪಾ?”

“ಯಾರೂ ಬರೋದಿಲ್ಲಜ್ಜಿ. ಅದೇ ಇದರ ಅರ್ಥ.”

“ಯಾರೂ ಬರ್ದಿದ್ಮೇಲೆ ನಾನು ಕುಂತ್ರೆ ಏನು?”

ಉತ್ತರಕ್ಕೆ ನನ್ನ ಕೊರಳಲ್ಲಿ ಸೀಟಿ ಇತ್ತು. ಊದಿದೆ! ಅಜ್ಜಿ ಹೋಗಿ ಹೊಂಗೆಮರದ ಬುಡದ ಬರಿಯ ಸಿಮೆಂಟಿನ ಮೇಲೆ ಕೂತಳು. ನನಗೆ ನಾಚಿಕೆಯಾಯಿತು. ಆದರೂ ಅವಳನ್ನು ಕರೆಯಲಿಲ್ಲ, ಅದನ್ನು ಇಲ್ಲಿ ಒಪ್ಪಿಕೊಳ್ಳಬೇಕು.

ಆಯ್ಕೆದಾರರಾದ ಮೇಡಂ ಬಂದರು. ಕೈಯಲ್ಲಿದ್ದ ಪಟ್ಟಿಯಲ್ಲಿ ‘ಬರುವವರಿಲ್ಲ’ ಎಂಬ ಹೆಸರು ಓದಿ, ಖಾಲಿ ಕಂಬಳಿಗಳ ಮುಂದೆ ತುಂಬಾ ಹೊತ್ತು ನಿಂತರು. ಅವರ ಮುಖ ಮೆತ್ತಗಾಯಿತು.

“ಹೌದಲ್ಲ, ಯಾಕೆ ಈಗ ಯಾರೂ ಬರುವುದಿಲ್ಲ?” ಎಂದರು, ತಮಗೆ ತಾವೇ ಎಂಬಂತೆ.

“ಬರ್ತಾರೆ ಮೇಡಂ, ರಗಡು ಬರ್ತಾರೆ” ಎಂದ ಹಿಂದೆ ನಿಂತಿದ್ದ ತಿಪ್ಪೇಸ್ವಾಮಿ. “ಈ ಮೇಷ್ಟ್ರು ಬಿಡಲ್ಲ.”

ಮೇಡಂ ನನ್ನ ಕೊರಳಿನ ಸೀಟಿ ನೋಡಿದರು. ಹೊಂಗೆಮರದ ಕೆಳಗಿದ್ದ ಅಜ್ಜಿಯನ್ನು ನೋಡಿದರು. ಆಮೇಲೆ ಮುಂದಿನ ಕೃತಿಯ ಕಡೆ ನಡೆದರು. ಅದು ಹಳೆ ಟೈರಿನಲ್ಲಿ ಮಾಡಿದ ನವಿಲು. ಮೈಸೂರಿಗೆ ನವಿಲು ಹೋಯಿತು.

ಸೀಟಿ ಬಿಚ್ಚಿ ತಿಪ್ಪೇಸ್ವಾಮಿಗೆ ಕೊಟ್ಟು, ಮರದ ಹತ್ತಿರ ಹೋದೆ. “ಬರ್ರಿ ಅಜ್ಜಿ, ಕುಂತ್ಕಳ್ರಿ.”

“ನಿನ್ನ ಅದೇನೋ ಹಾಳಾಗಲ್ವೇನಪ್ಪಾ?”

“ಆಗಿ ಹೋಯ್ತು. ಬರ್ರಿ.”

ಗಂಗಜ್ಜಿ ಮೊದಲ ದಿನದ ಅದೇ ಕಂಬಳಿಯ ಮೇಲೆ ಕೂತು ಪೊಟ್ಟಣ ಬಿಚ್ಚಿದಳು. ತಿಪ್ಪೇಸ್ವಾಮಿಯೂ ಬಂದು ಕೂತ. ಭೀಮಸಮುದ್ರದ ಬಸ್ಸಿನ ಹೊತ್ತಾಗುವವರೆಗೂ ಅಜ್ಜಿ ಹೊಸ ಕನ್ನಡಕದಲ್ಲಿ ಕಂಡದ್ದನ್ನೆಲ್ಲ ಹೇಳುತ್ತಾ ಹೋದಳು. ಮೂರು ದಿನದಲ್ಲಿ ನನಗೆ ಖುಷಿಯಾದದ್ದು ಆ ಒಂದು ಗಂಟೆ ಮಾತ್ರ.

ಮನೆಗೆ ಬಂದಾಗ ಗಿರಿಜಾ ತಾಯಿಯ ಕಂಬಳಿ ಬಿಡಿಸಿದಳು. ಕುಗ್ಗಿದ್ದಕ್ಕೆ ಆಗಬೇಕಾದ ಪೂಜೆ ನನಗೆ ಸಾಂಗವಾಗಿ ಆಯಿತು. ಆಮೇಲೆ ನಡುವೆ ಅಂಗೈಯಗಲ ಮೆಣಸಿನಕಾಯಿ ಬಜ್ಜಿಯ ಎಣ್ಣೆ ಕಂಡು ಕೇಳಿದಳು.

“ಇದೇನ್ರಿ ಇದು?”

“ಕಲೆ” ಎಂದೆ.

ಈ ಸಲ ಯಾರಿಗೂ ವಿವರಿಸಬೇಕಾಗಲಿಲ್ಲ. ಒಂದು ವಾರದಿಂದ ಸೀಗೆಪುಡಿ ಹಾಕಿ ನಾನೇ ತಿಕ್ಕುತ್ತಿದ್ದೇನೆ. ಹೋಗುತ್ತಿಲ್ಲ. ಕೊನೆಗೂ ಯಾರೂ ಒರೆಸಲಾಗದಂಥದ್ದೊಂದನ್ನು ಮಾಡಿದ್ದೇನೆ!